ಗೋಡೆಯಲ್ಲೊಂದು ಹೆಚ್ಚಿನ ದಿನ

"ಸ್ವಾಮಿ, ಈ ಗಾರೆ ಮೆತ್ತೋ ಪ್ರಾಣಿ ನಿಮ್ಮ ಮುಂದೆ ನಿಂತು ವಾದ ಮಾಡ್ತಾ ಇದೆಯಲ್ಲ, ಇದಕ್ಕಿಂತ ಆ ಗೋಡೆ ಮೇಲಿರೋ ದೆವ್ವಗಳೇ ವಾಸಿ. ಅವುಗಳ ಕೈಯಲ್ಲಿ ಪಾಪದ ಪಟ್ಟಿಯಾದ್ರೂ ಇದೆ. ಓದೋಕಾದ್ರೂ ಬರುತ್ತೆ ಅವಕ್ಕೆ!"

ಚಿತ್ರಕಾರರ ಗುರು ತೊರೆಲ್ಲೊ ಇಷ್ಟು ಹೇಳಿ ಬಾಯಿ ಮುಚ್ಚುವುದರೊಳಗೆ ಇಡೀ ಚರ್ಚು ನಕ್ಕಿತು. ಬಣ್ಣ ಅರೆಯುವವರು ನಕ್ಕರು. ಈಟಿಗೆ ಒರಗಿ ನಿಂತಿದ್ದ ಇಬ್ಬರು ಕಾವಲುಗಾರರು ನಕ್ಕರು. ಚಿತ್ರ ನೋಡಲು ಬಂದಿದ್ದ ಹೆಂಗಸರು ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ಛಾವಣಿಗೆ ಬಡಿದು ದುಪ್ಪಟ್ಟಾಗಿ ಕೆಳಗೆ ಬಂತು.

ಬಿಂದೊ ಹಲ್ಲು ಕಚ್ಚಿಕೊಂಡು ನಿಂತ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಕೈಯಲ್ಲಿ ಕರಣೆ, ಹುಬ್ಬಿನ ಮೇಲೆ ಸುಣ್ಣದ ಪುಡಿ, ಎಡಗೆನ್ನೆಯ ಮೇಲೆ ಬೆಳಗ್ಗೆ ಕಾವಲುಗಾರನ ಈಟಿ ಹಿಡಿಯಿಂದ ಬಿದ್ದ ಬರೆ. ಚರ್ಚಿಗೆ ಹೊರಟಿದ್ದ ನ್ಯಾಯಾಧೀಶರ ಕುದುರೆಯ ಲಗಾಮನ್ನು ನಡುಬೀದಿಯಲ್ಲಿ ಹಿಡಿದು ನಿಲ್ಲಿಸಿದ್ದಕ್ಕೆ ಸಿಕ್ಕ ಬಹುಮಾನ ಅದು. ಹೊಡೆತ ತಿಂದರೂ ಲಗಾಮು ಬಿಟ್ಟಿರಲಿಲ್ಲ. ಅದಕ್ಕೇ ಈಗ ನ್ಯಾಯಾಧೀಶ ಗಾಲ್ವಾನೊ ಬಾಯಲ್ಲಿ ಒಣ ಅಂಜೂರ ಅಗಿಯುತ್ತಾ, ಈ ಅರ್ಧ ಮುಗಿದ ಗೋಡೆಯ ಮುಂದೆ ಕಾಲು ನೋವು ಸಹಿಸಿಕೊಂಡು ನಿಂತಿದ್ದರು.

ಕೊಲೆ ನಡೆದು ಮೂರು ದಿನವಾಗಿತ್ತು. ಸೋಮವಾರ ಬೆಳಗಿನ ಜಾವ ಚರ್ಚಿನ ಪಾರುಪತ್ಯಗಾರ ಆರ್ರಿಗೊ ಇದೇ ಸಾರುವೆಯ ಬುಡದಲ್ಲಿ ಸುತ್ತಿಗೆಯೇಟಿಗೆ ತಲೆಯೊಡೆದು ಸತ್ತು ಬಿದ್ದಿದ್ದ. ಶನಿವಾರ ಅವನ ಜೊತೆ ಗಟ್ಟಿ ದನಿಯಲ್ಲಿ ಜಗಳವಾಡಿದ್ದವನು ಚಿತ್ರಕಾರ ಮೆಯೊ. ಬಿಸಿಲು ಏರುವ ಮೊದಲೇ ಮೆಯೊನ ಕೈಗೆ ಕೋಳ ಬಿತ್ತು. ಮಂಗಳವಾರ ಯಾರೋ ತಲೆಯೆತ್ತಿ ನರಕದ ಚಿತ್ರ ನೋಡಿ ಕಿರುಚಿದರು. ಜಿಪುಣರ ಸಾಲಿನಲ್ಲಿ, ಕೊರಳಿಗೆ ಹಣದ ಚೀಲ ನೇತುಹಾಕಿಕೊಂಡು, ಸತ್ತ ಆರ್ರಿಗೊನ ಮುಖ! ಮೂಗಿನ ಪಕ್ಕದ ನರೂಲಿಯ ಸಮೇತ!

ಇನ್ನೇನು ಸಾಕ್ಷಿ ಬೇಕು? ಬರೆದವನು ಮೆಯೊ. ಮೊದಲು ಚಿತ್ರದಲ್ಲಿ ನರಕಕ್ಕೆ ಕಳಿಸಿದ, ಆಮೇಲೆ ನಿಜವಾಗಿ ಕಳಿಸಿದ. ಶನಿವಾರ ಬೆಳಗ್ಗೆ ನೇಣು ಎಂದು ತೀರ್ಪಾಯಿತು.

ಇವತ್ತು ಗುರುವಾರ.

ನಿನ್ನೆ ಸೆರೆಮನೆಯ ಕಿಂಡಿಯಲ್ಲಿ ಮೆಯೊ ನಗಲು ನೋಡಿದ್ದ. ಅವನ ಪಕ್ಕದಲ್ಲಿ ಸಾಂತ್ವನ ಸಂಘದ ಇಬ್ಬರು ಮುಖಗವಸಿನವರು ಕೂತಿದ್ದರು. ಸಾಯುವವನ ಕಣ್ಣ ಮುಂದೆ ಸ್ವರ್ಗದ ಚಿತ್ರವಿರುವ ಹಲಗೆಯೊಂದನ್ನು ಹಿಡಿದುಕೊಂಡು ನೇಣುಗಂಬದವರೆಗೂ ಹೋಗುವುದು ಅವರ ಕೆಲಸ. ಸಾಯುವವನಿಗೆ ಹಗ್ಗ ಕಾಣಬಾರದು, ದೇವದೂತ ಕಾಣಬೇಕು.

"ಬಿಂದೊ, ಆ ಹಲಗೆ ನೋಡಿದ್ಯಾ?" ಎಂದು ಮೆಯೊ ಪಿಸುಗುಟ್ಟಿದ್ದ. "ದೇವದೂತನಿಗೆ ಆರು ಬೆರಳು ಕಣೋ! ಯಾವ ಕುರುಡ ಬರೆದನೋ. ಸಾಯೋ ಹೊತ್ನಲ್ಲಿ ಇಂಥಾ ಚಿತ್ರ ನೋಡ್ಕೊಂಡು ಸಾಯ್ಬೇಕಾ ನಾನು?"

ಬಿಂದೊ ನಕ್ಕಿರಲಿಲ್ಲ. "ಆ ಮುಖ ಯಾಕೋ ಬರೆದೆ?" ಎಂದು ಕೇಳಿದ್ದ.

ಮೆಯೊನ ನಗು ಹಾಗೇ ಸತ್ತಿತು. "ನಾನು ಮುಖಾನೇ ಬರೀಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಕೂತಿರೋ ಜಿಪುಣನ್ನ ಬರೆದೆ. ನಿನ್ನಾಣೆ."

ಮೆಯೊನ ಮಾತನ್ನು ನಂಬಿದ್ದು ಒಬ್ಬ ಬಿಂದೊ. ಇನ್ನೊಬ್ಬಳು ಬಿಂದೊನ ಅಕ್ಕ ತೆಸ್ಸಾ ಇರಬಹುದು. ಅವಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಎರಡು ದಿನದಿಂದ ಬಾಗಿಲಲ್ಲಿ ಕೂತು ಬಿಳಿ ಅಂಗಿಯೊಂದನ್ನು ಹೊಲಿಯುತ್ತಿದ್ದಳು. ಮೆಯೊಗೆ ಹಿಂದುಮುಂದು ಯಾರೂ ಇಲ್ಲ, ಶನಿವಾರ ಕೊಳಕು ಅಂಗಿಯಲ್ಲಿ ಹೋಗಬಾರದು ಎಂದಿದ್ದಳು. ಆ ಸೂಜಿ ಮೇಲೆ ಕೆಳಗೆ ಹೋಗುವುದನ್ನು ನೋಡಿಯೇ ಬಿಂದೊ ಮನೆ ಬಿಟ್ಟು ಓಡಿ ಬಂದದ್ದು. ಎರಡು ರಾತ್ರಿಯಿಂದ ಅವನಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ.

"ಹೇಳಪ್ಪಾ," ಎಂದರು ನ್ಯಾಯಾಧೀಶರು. "ಲಗಾಮು ಹಿಡಿಯೋ ಧೈರ್ಯ ಇತ್ತಲ್ಲ. ನಿನ್ನ ಗುರುಗಳು ಹೇಳಿದ್ದು ನಿಜವಾ? ಓದೋಕೆ ಬರಲ್ವಾ?"

"ಬರಲ್ಲ ಸ್ವಾಮಿ. ಎಣಿಸೋಕೆ ಬರುತ್ತೆ."

"ಏನನ್ನ ಎಣಿಸ್ತೀಯ?"

"ದಿನ."

ಮತ್ತೆ ಯಾರೋ ಕಿಸಕ್ಕೆಂದರು. ಬಿಂದೊ ಆ ಕಡೆ ತಿರುಗಿಯೂ ನೋಡಲಿಲ್ಲ.

"ಹಸಿ ಗಾರೆ ಮೇಲೆ ಬಣ್ಣ ಹಾಕಿದ್ರೆ ಮಾತ್ರ ಅದು ಗೋಡೆಗೆ ಇಳಿಯುತ್ತೆ ಸ್ವಾಮಿ. ಒಣಗಿದ ಮೇಲೆ ಹಾಕಿದ್ರೆ ಉದುರುತ್ತೆ. ಅದಕ್ಕೇ ದಿನಾ ಬೆಳಗ್ಗೆ ಅವತ್ತು ಎಷ್ಟು ಬರೀತಾರೋ ಅಷ್ಟಕ್ಕೇ ನಾನು ಗಾರೆ ಹಾಕ್ತೀನಿ. ಒಂದು ದಿನಕ್ಕೆ ಒಂದು ತೇಪೆ. ಮಾರನೇ ದಿನದ ತೇಪೆ ಅದರ ಅಂಚಿಗೆ ಸೇರಿಸಿ ಹಾಕ್ತೀನಿ. ಈ ನರಕ ಇಲ್ಲಿವರೆಗೆ ನಲವತ್ತೊಂದು ದಿನದ ಕೆಲಸ. ನಲವತ್ತೊಂದು ಸಲ ಗಾರೆ ಹಾಕಿದ್ದು ಇದೇ ಕೈ." ಅವನು ಕರಣೆಯನ್ನು ಮೇಲಕ್ಕೆ ತೋರಿಸಿದ. "ನಿನ್ನೆ ಮೇಲೆ ಹತ್ತಿ ಎಣಿಸಿದೆ. ಗೋಡೆ ಮೇಲೆ ನಲವತ್ತೆರಡಿದೆ."

ಅಂಜೂರ ಅಗಿಯುತ್ತಿದ್ದ ದವಡೆ ನಿಂತಿತು.

ತೊರೆಲ್ಲೊ ಚಿಕ್ಕದಾಗಿ ನಕ್ಕ. ಅವನು ಎತ್ತರದ ಆಳು, ಬಿಳಿ ಗಡ್ಡ, ಕೆಂಪು ಉಣ್ಣೆಯ ಟೊಪ್ಪಿಗೆ. ಮೂರು ಊರಿನ ಚರ್ಚುಗಳಲ್ಲಿ ಸ್ವರ್ಗ ಬರೆದವನು. "ಹತ್ತು ಬೆರಳು ದಾಟಿದ ಮೇಲೆ ಇವನ ಲೆಕ್ಕ ಯಾರು ನಂಬ್ತಾರೆ ಸ್ವಾಮಿ? ಕಾಲ್ಬೆರಳೂ ಸೇರಿಸಿಕೊಂಡನೋ ಏನೋ."

"ಹತ್ತಿ ನೋಡಿ ಸ್ವಾಮಿ," ಎಂದ ಬಿಂದೊ. "ಕಣ್ಣಿಗೆ ಕಾಣದಿದ್ರೆ ಬೆರಳಿಗೆ ಸಿಗುತ್ತೆ."

ನ್ಯಾಯಾಧೀಶರು ತಮ್ಮ ಮೊಣಕಾಲನ್ನು ನೋಡಿಕೊಂಡರು, ಏಣಿಯನ್ನು ನೋಡಿದರು, ಮತ್ತೆ ಮೊಣಕಾಲನ್ನು ನೋಡಿಕೊಂಡರು.

"ಹಿಡ್ಕೊಳ್ರೋ," ಎಂದು ಕಾವಲುಗಾರರಿಗೆ ಗದರಿ ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ಏಣಿ ಹತ್ತುವಾಗ ಅವರ ಮುಖದ ಪಕ್ಕದಲ್ಲೇ ನರಕ ಒಂದೊಂದಾಗಿ ಕೆಳಕ್ಕಿಳಿಯಿತು. ದೊಡ್ಡ ಸೈತಾನ ಮೂವರನ್ನು ಬಾಯಲ್ಲಿ ಹಾಕಿಕೊಂಡು ಕೂತಿದ್ದ, ಅವನ ಹೊಟ್ಟೆಯಿಂದ ಇನ್ನಿಬ್ಬರು ಹೊರಗೆ ಬರುತ್ತಿದ್ದರು. ಹೊಟ್ಟೆಬಾಕರು ತುಂಬಿದ ಮೇಜಿನ ಮುಂದೆ ಕೈಕಟ್ಟಿಸಿಕೊಂಡು ಜೊಲ್ಲು ಸುರಿಸುತ್ತಿದ್ದರು. ಸುಳ್ಳು ಸಾಕ್ಷಿ ಹೇಳಿದವರ ನಾಲಿಗೆಯನ್ನು ಹಸಿರು ದೆವ್ವವೊಂದು ಇಕ್ಕಳದಲ್ಲಿ ಹಿಡಿದಿತ್ತು. ನ್ಯಾಯಾಧೀಶರು ಅಲ್ಲಿ ಒಂದು ಕ್ಷಣ ನಿಂತು, ಕಣ್ಣು ಬೇರೆ ಕಡೆ ತಿರುಗಿಸಿ ಮುಂದೆ ಹತ್ತಿದರು. ಬಲಗಡೆ ದೂರದಲ್ಲಿ, ಮುಗಿದ ಗೋಡೆಯ ಮೇಲೆ, ಸ್ವರ್ಗ. ಅಬ್ರಹಾಮ ತನ್ನ ದೊಡ್ಡ ಬಟ್ಟೆಯ ಮಡಿಲಲ್ಲಿ ಪುಟ್ಟ ಪುಟ್ಟ ಆತ್ಮಗಳನ್ನು ಕೂರಿಸಿಕೊಂಡಿದ್ದ.

ಹಲಗೆಯ ಮೇಲೆ ನಾಲ್ವರು ನಿಂತರು. ನ್ಯಾಯಾಧೀಶರು, ತೊರೆಲ್ಲೊ, ಬಿಂದೊ, ಮತ್ತು ಒಬ್ಬ ಕಾವಲುಗಾರ. ಜಿಪುಣರ ಸಾಲು ಈಗ ಅವರ ಎದೆಯ ಮಟ್ಟಕ್ಕಿತ್ತು. ಆರ್ರಿಗೊ ಅವರನ್ನೇ ದಿಟ್ಟಿಸುತ್ತಿದ್ದ.

"ಸತ್ತವನಿಗಿಂತ ಇವನೇ ಜೀವಂತವಾಗಿದ್ದಾನೆ," ಎಂದು ನ್ಯಾಯಾಧೀಶರು ಗೊಣಗಿದರು.

ಬಿಂದೊ ಅವರ ಕೈ ಹಿಡಿದ. ಹಿಡಿದ ಮೇಲೆ ತಾನು ಯಾರ ಕೈ ಹಿಡಿದೆ ಎಂದು ನೆನಪಾಯಿತು. ಬಿಡಲಿಲ್ಲ. ಅವರ ತೋರುಬೆರಳನ್ನು ಗೋಡೆಯ ಮೇಲೆ ಜಾರಿಸಿದ.

"ಇಲ್ಲಿ ನೋಡಿ, ಸುಳ್ಳು ಸಾಕ್ಷಿಯವರದ್ದು ಮತ್ತು ಜಿಪುಣರದ್ದು ಸೇರೋ ಜಾಗ. ಸಣ್ಣ ದಿಣ್ಣೆ ಸಿಕ್ತಾ? ನಾವು ಮೇಲಿಂದ ಕೆಳಗೆ ಕೆಲಸ ಮಾಡ್ತೀವಿ. ಅದಕ್ಕೇ ಯಾವಾಗ್ಲೂ ಕೆಳಗಿನ ತೇಪೆ ಮೇಲಿನ ತೇಪೆಯ ಅಂಚು ಹತ್ತಿ ಕೂರುತ್ತೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಇಡೀ ಗೋಡೆ ಹೀಗೇ ಇದೆ. ಈಗ ಇವನ ತಲೆ ಸುತ್ತ ಬೆರಳಾಡಿಸಿ."

ಬೆರಳು ಆರ್ರಿಗೊನ ನೆತ್ತಿಯ ಮೇಲೆ ಹೋಯಿತು. ಕಿವಿಯ ಪಕ್ಕ ಇಳಿಯಿತು. ಗದ್ದದ ಕೆಳಗೆ ತಿರುಗಿತು.

ನ್ಯಾಯಾಧೀಶರ ಹುಬ್ಬು ಗಂಟಾಯಿತು. ಇನ್ನೊಮ್ಮೆ ಸುತ್ತಿಸಿದರು.

"ಸುತ್ತಲೂ ಮೇಲೇ ಇದೆ," ಎಂದರು.

"ನಾಲ್ಕೂ ಕಡೆ ಹತ್ತಿ ಕೂತಿದೆ ಸ್ವಾಮಿ! ಇವನ ತಲೆ ಇವನ ಹೊಟ್ಟೆಗಿಂತ ಆಮೇಲೆ ಬಂದಿದೆ. ಸುತ್ತಲಿನ ಎಲ್ಲಾ ಕೆಲಸ ಮುಗಿದ ಮೇಲೆ ಯಾರೋ ಈ ಜಾಗ ಕೆತ್ತಿ ತೆಗೆದು, ಹೊಸ ಗಾರೆ ಹಾಕಿ, ಈ ಮುಖ ಬರೆದಿದಾರೆ."

ಕೆಳಗೆ ಗುಸುಗುಸು ಎದ್ದಿತು. ಮಾತು ಒಬ್ಬರಿಂದ ಒಬ್ಬರಿಗೆ ಹರಿದು ಬಾಗಿಲವರೆಗೂ ಹೋಯಿತು.

ತೊರೆಲ್ಲೊ ಗಡ್ಡ ಸವರಿಕೊಂಡ. "ಸರಿ. ಕೆತ್ತಿ ತೆಗೆದ, ಬರೆದ. ಯಾರು? ಮೆಯೊನೇ. ಶನಿವಾರ ಜಗಳ ಆಯ್ತು. ಸಿಟ್ಟಲ್ಲಿ ಭಾನುವಾರ ಬಂದು ಮುಖ ಬದಲಾಯಿಸಿದ, ಅದೇ ಸಿಟ್ಟಲ್ಲಿ ಸುತ್ತಿಗೆ ಎತ್ತಿದ. ಅವನ ಅಭ್ಯಾಸ ಊರಿಗೇ ಗೊತ್ತಲ್ಲ ಸ್ವಾಮಿ. ತನಗೆ ಬೇಕಾದವರನ್ನ ಸ್ವರ್ಗಕ್ಕೆ ಸೇರಿಸ್ತಾನೆ. ಬೇಕಿದ್ರೆ ಆ ಹೆಂಗಸನ್ನ ಕೇಳಿ." ಅವನು ಕೆಳಗೆ ಕೈ ತೋರಿಸಿದ. "ನೆಲ್ಲಾ! ಅಬ್ರಹಾಮನ ಮಡಿಲಲ್ಲಿ ಕಿವಿಗೆ ಕೈಯಿಟ್ಟುಕೊಂಡು ಕೂತಿರೋ ಮಗು ಯಾರದಮ್ಮಾ?"

ಕೆಳಗಿದ್ದ ವಿಧವೆಯ ಮುಖ ಬಿಳಿಚಿತು. "ನಂದು," ಎಂದಳು. "ಮಹಾಮಾರಿಯಲ್ಲಿ ಹೋದದ್ದು. ನಿದ್ದೆ ಬಂದಾಗ ಹಾಗೇ ಕಿವಿ ಹಿಡ್ಕೊಳ್ಳೋದು. ನಾನೇ ಕೇಳ್ಕೊಂಡೆ, ಪಾಪ ಬರ್ಕೊಟ್ಟ. ಒಳ್ಳೇ ಹುಡುಗ ಸ್ವಾಮಿ ಅವನು, ಒಳ್ಳೇ..."

"ಕೇಳಿದ್ರಲ್ಲ," ಎಂದ ತೊರೆಲ್ಲೊ. "ಸ್ವರ್ಗಕ್ಕೆ ಒಂದು ಕೈ ಬರೆದ್ರೆ ನರಕಕ್ಕೂ ಅದೇ ಕೈ ಬರೆಯುತ್ತೆ."

ನೆಲ್ಲಾ ತಾನು ಏನು ಮಾಡಿದೆ ಎಂದು ಅರ್ಥವಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬಿಂದೊನ ಕಿವಿ ಕಾದು ಕೆಂಪಾಯಿತು. ಆ ಕೆಂಪು ಟೊಪ್ಪಿಗೆ ಹಿಡಿದು ಮುದುಕನನ್ನು ಕೆಳಕ್ಕೆ ತಳ್ಳಿಬಿಡಬೇಕು ಎನಿಸಿತು. ಎರಡು ಹೆಜ್ಜೆ, ಒಂದು ನೂಕು, ಮುಗಿಯಿತು. ಅವನು ಕರಣೆಯ ಹಿಡಿಯನ್ನು ಅಂಗೈ ನೋಯುವಷ್ಟು ಒತ್ತಿ ಹಿಡಿದ. ಮೆಯೊನ ಕುತ್ತಿಗೆ ಉಳಿಯಬೇಕಾದರೆ ತನ್ನ ಕೈ ಸುಮ್ಮನಿರಬೇಕಿತ್ತು.

"ಪೂಚೊ!" ಎಂದು ಕೂಗಿದ. "ಪೂಚೊ ಮಾವ! ಬನ್ನಿ ಇಲ್ಲಿ!"

ಚರ್ಚಿನ ಗಂಟೆ ಹೊಡೆಯುವ ಮುದುಕ ಪೂಚೊ ಕಂಬದ ಹಿಂದಿನಿಂದ ಈರುಳ್ಳಿ ಕಡಿಯುತ್ತಾ ಬಂದ. ಅವನಿಗೆ ಒಂದು ಕಿವಿ ಕೇಳುತ್ತಿರಲಿಲ್ಲ, ಇನ್ನೊಂದು ಬೇಕಾದಾಗ ಮಾತ್ರ ಕೇಳುತ್ತಿತ್ತು.

"ಭಾನುವಾರ ಈ ಏಣಿ ಎಲ್ಲಿತ್ತು ಮಾವ?"

"ಏಣಿನಾ? ಸಂತರ ತೋಳಿನ ಮೂಳೆ ಹೊತ್ಕೊಂಡು ಮೆರವಣಿಗೆ ಇತ್ತಲ್ಲಪ್ಪ ಭಾನುವಾರ. ಅಡ್ಡ ಬರುತ್ತೆ ಅಂತ ಶನಿವಾರ ಸಾಯಂಕಾಲ ನೀವೆಲ್ಲ ಕೆಲಸ ಮುಗಿಸಿ ಇಳಿದ ಕೂಡಲೇ ಗಂಟೆಗೋಪುರಕ್ಕೆ ಹಾಕಿ ಬೀಗ ಹಾಕ್ದೆ. ಬೀಗದಕೈ ನನ್ನ ಸೊಂಟದಲ್ಲಿ. ಮಲಗೋವಾಗ್ಲೂ ಸೊಂಟದಲ್ಲೇ. ನಮ್ಮವಳಿಗೆ ಅದು ಚುಚ್ಚುತ್ತೆ ಅಂತ ಬೈತಾಳೆ."

"ಮತ್ತೆ ಯಾವಾಗ ತಂದ್ರಿ?"

"ಸೋಮವಾರ. ಹೆಣ ಎತ್ಕೊಂಡು ಹೋದ ಮೇಲೆ. ಮೆಯೊನ್ನ ಹಿಡ್ಕೊಂಡು ಹೋಗಿದ್ರು ಆಗ್ಲೇ."

ನ್ಯಾಯಾಧೀಶರು ಸಾರುವೆಯ ಅಂಚಿಗೆ ಬಾಗಿ ಕೇಳಿದರು. "ಏಣಿ ಇಲ್ದೆ ಇಲ್ಲಿಗೆ ಹತ್ತೋಕಾಗುತ್ತೇನಯ್ಯಾ?"

"ಆಗುತ್ತೆ ಸ್ವಾಮಿ. ಅಲ್ಲಿ ಬರೆದಿದಾರಲ್ಲ, ಅವರ ಥರ ರೆಕ್ಕೆ ಇರ್ಬೇಕು ಅಷ್ಟೇ." ಪೂಚೊ ಇನ್ನೊಂದು ಸಲ ಈರುಳ್ಳಿ ಕಡಿದ.

ಈ ಸಲ ನಗು ಬಿಂದೊನ ಪರವಾಗಿತ್ತು. ನ್ಯಾಯಾಧೀಶರೂ ಒಂದಿಷ್ಟು ನಕ್ಕು, ತಕ್ಷಣ ನಿಲ್ಲಿಸಿದರು. ಅವರ ಕಣ್ಣಿನಲ್ಲಿ ಈಗ ಮೊಣಕಾಲು ನೋವಿರಲಿಲ್ಲ.

"ಅಂದ್ರೆ ಈ ಮುಖ ಗೋಡೆ ಮೇಲೆ ಬಂದದ್ದು ಸೋಮವಾರ ಬೆಳಗ್ಗೆ ಆದ ಮೇಲೆ. ಆಗ ಮೆಯೊ ನನ್ನ ಸೆರೆಮನೆಯಲ್ಲಿದ್ದ." ಅವರು ಪ್ರತಿ ಮಾತನ್ನೂ ಅಗಿದು ಹೇಳಿದರು. "ಸತ್ತವನ ಮುಖವನ್ನ ಸತ್ತ ಮೇಲೆ ಬರೆದಿದ್ದಾರೆ. ಅಪವಾದ ಮೆಯೊ ಮೇಲೆ ಬರಲಿ ಅಂತ. ಈ ಊರಲ್ಲಿ ಹೀಗೆ ಮುಖ ಬರೆಯೋರು ಎಷ್ಟು ಜನ ಇದ್ದಾರೆ?"

"ಇಬ್ಬರು," ಎಂದ ಬಿಂದೊ. "ಒಬ್ಬನ ಕಾಲಿಗೆ ಸಂಕೋಲೆ ಇದೆ. ಇನ್ನೊಬ್ಬರು ನಿಮ್ಮ ಪಕ್ಕದಲ್ಲಿ ನಿಂತಿದಾರೆ."

ಕಾವಲುಗಾರ ಈಟಿ ನೆಟ್ಟಗೆ ಹಿಡಿದ.

ತೊರೆಲ್ಲೊ ಕೋಪಿಸಿಕೊಳ್ಳಲಿಲ್ಲ. ಅದೇ ಬಿಂದೊನಿಗೆ ಹಿಡಿಸಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನು ಕೂಗಾಡಬೇಕು, ಆಣೆ ಹಾಕಬೇಕು. ಈತ ನಿಧಾನವಾಗಿ ಕೈಗವಸು ಬಿಚ್ಚಿದ. ಮೊದಲು ಬಲಗೈಯದು, ಆಮೇಲೆ ಎಡಗೈಯದು. ಎರಡೂ ಅಂಗೈಯನ್ನು ನ್ಯಾಯಾಧೀಶರ ಮುಂದೆ ಹಿಡಿದ. ಮೃದುವಾದ, ತಿಳಿಗೆಂಪಿನ, ಅಲ್ಲಲ್ಲಿ ಹಳೆಯ ಗುಳ್ಳೆಗಳ ಕಲೆಯಿದ್ದ ಕೈ.

"ಸುಣ್ಣ ನನಗೆ ವಿಷ ಸ್ವಾಮಿ. ಇಪ್ಪತ್ತು ವರ್ಷ ಆಯ್ತು. ಹಸಿ ಸುಣ್ಣ ಮುಟ್ಟಿದ್ರೆ ಸಂಜೆಗೆ ಕೈ ಬಾತು ಒಡೆಯುತ್ತೆ. ನಮ್ಮ ಸಂಘದವರನ್ನ ಕೇಳಿ, ವೈದ್ಯರನ್ನ ಕೇಳಿ, ಈ ಬಿಂದೊನ್ನೇ ಕೇಳಿ. ನಾನು ಕುಂಚ ಹಿಡೀತೀನಿ. ಕರಣೆ ಹಿಡಿಯಲ್ಲ. ಸೋಮವಾರ ಗಾರೆ ಮುಟ್ಟಿದ್ರೆ ಇವತ್ತು ಈ ಕೈ ನಿಮಗೆ ತೋರಿಸೋಕೆ ಆಗ್ತಿತ್ತಾ?"

ನ್ಯಾಯಾಧೀಶರು ಬಿಂದೊನ ಕಡೆ ನೋಡಿದರು. ಬಿಂದೊ ಸುಳ್ಳು ಹೇಳಲಾರದೆ ತಲೆಯಾಡಿಸಿದ. ನಿಜವೇ. ಅದಕ್ಕೇ ಅಲ್ಲವೇ ಇಷ್ಟು ವರ್ಷ ಈ ಮುದುಕನ ಬೈಗುಳ ತಿಂದುಕೊಂಡು ತಾನು ಇಲ್ಲಿ ಕೆಲಸಕ್ಕಿದ್ದದ್ದು.

"ಹಾಗಾದ್ರೆ ಒಬ್ಬ ಬರೆದ, ಇನ್ನೊಬ್ಬ ಗಾರೆ ಹಾಕಿದ," ಎಂದ ತೊರೆಲ್ಲೊ, ಗವಸು ಹಾಕಿಕೊಳ್ಳುತ್ತಾ. "ಗಾರೆ ಹಾಕಿದವನನ್ನ ಮೊದಲು ತನ್ನಿ. ಬರೆದದ್ದು ಯಾರು ಅಂತ ಅವನೇ ಹೇಳ್ತಾನೆ. ನನ್ನ ಹೆಸರು ಹೇಳಿದ್ರೆ ನನ್ನನ್ನೇ ನೇಣಿಗೆ ಹಾಕಿ. ಈ ಊರಲ್ಲಿ ಇಷ್ಟು ನಯವಾಗಿ ಗಾರೆ ಹಾಕೋನು ಯಾರು ಅಂತ ನಮ್ಮ ಬಿಂದೊಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ರತಿಯೊಬ್ಬರ ಕೈಯನ್ನೂ ಗುರುತು ಹಿಡೀತೀನಿ ಅಂತ ಕುಡಿದಾಗಲೆಲ್ಲ ಜಂಬ ಕೊಚ್ಚಿಕೊಳ್ತಾನಲ್ಲ."

ಅವನ ದನಿಯಲ್ಲಿ ಏನೋ ಒಂದು ಸಿಹಿ ಸೇರಿಕೊಂಡಿತ್ತು.

"ನ್ಯಾಯವಾದ ಮಾತು," ಎಂದರು ನ್ಯಾಯಾಧೀಶರು. "ಕೇಳಪ್ಪಾ. ಬರೀ ಗೋಡೆ ತೋರಿಸಿ ತೀರ್ಪು ತಿರುಗಿಸೋಕೆ ನನ್ನ ಕೈಲಿ ಆಗಲ್ಲ. ನನಗೆ ಒಬ್ಬ ಮನುಷ್ಯ ಬೇಕು. ಈ ಗಾರೆ ಹಾಕಿದವನ ಹೆಸರು ಕೊಡು, ಶನಿವಾರದ ಹಗ್ಗ ನಿಲ್ಲಿಸ್ತೀನಿ. ಇವತ್ತೇ ಮೆಯೊನ ಸಂಕೋಲೆ ಬಿಚ್ಚಿಸ್ತೀನಿ. ಹೆಸರು ಸಿಗದಿದ್ರೆ..."

"ಕೊಡ್ತೀನಿ," ಎಂದ ಬಿಂದೊ. "ಈಗಲೇ ಕೊಡ್ತೀನಿ."

ನಿನ್ನೆ ಅವನು ಗಡಿಬಿಡಿಯಲ್ಲಿ ಅಂಚುಗಳನ್ನು ಎಣಿಸಿದ್ದ, ಗಾರೆಯನ್ನು ನೋಡಿರಲಿಲ್ಲ. ಈಗ ಮೊಣಕಾಲೂರಿ ಕೂತ. ಆರ್ರಿಗೊನ ಕೆನ್ನೆಗೆ ತನ್ನ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ, ಬೆಳಕು ಓರೆಯಾಗಿ ಬೀಳುವಂತೆ ತಲೆ ವಾಲಿಸಿ ನೋಡಿದ.

ಊರಿನಲ್ಲಿ ಈ ಕೆಲಸ ಮಾಡುವವರು ಮೂವರೇ ಉಳಿದಿದ್ದರು. ತಾನು, ನದಿ ಪಕ್ಕದ ಗೆರಿ, ಮತ್ತು ಕುಂಟ ಸಾಂತಿ. ಗೆರಿಯ ಕೈ ಒರಟು, ಕರಣೆ ಎಳೆದ ಗೆರೆ ಉಳಿಯುತ್ತದೆ. ಸಾಂತಿ ನೀರು ಜಾಸ್ತಿ ಹಾಕುತ್ತಾನೆ, ಒಣಗಿದ ಮೇಲೆ ಕೂದಲೆಳೆಯ ಬಿರುಕು ಬಿಡುತ್ತದೆ.

ಇಲ್ಲಿ ಗೆರೆಯಿಲ್ಲ. ಬಿರುಕಿಲ್ಲ.

ತನ್ನ ಕೆಲಸದಲ್ಲೂ ಇರುವ ಗುಳಿ ಇಲ್ಲ! ಅದನ್ನು ಕಂಡು ಬಿಂದೊ ತಬ್ಬಿಬ್ಬಾದ. ಏಳು ವರ್ಷದ ಹಿಂದೆ, ಮಹಾಮಾರಿ ಬಂದಾಗ, ಊರಿನ ಆಡಳಿತ ಆಜ್ಞೆ ಹೊರಡಿಸಿತ್ತು. ಗೂಡಿನಲ್ಲಿದ್ದ ಸುಣ್ಣ, ಗುಂಡಿಯಲ್ಲಿ ನೆನೆಯುತ್ತಿದ್ದ ಸುಣ್ಣ, ಎಲ್ಲವನ್ನೂ ಗಾಡಿಗೆ ತುಂಬಿ ಊರಾಚೆಯ ಹೆಣದ ಹಳ್ಳಗಳಿಗೆ ಸುರಿದರು. ಒಂದು ಬುಟ್ಟಿಯೂ ಉಳಿಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಊರಿನಲ್ಲಿ ಸಿಗುವುದು ಎಳೆಯ ಸುಣ್ಣ. ಒಂದು ವರ್ಷ ನೆನೆದದ್ದು, ಹೆಚ್ಚೆಂದರೆ ಎರಡು. ಅದರಲ್ಲಿ ಅರಳದ ಹರಳುಗಳು ಉಳಿದಿರುತ್ತವೆ. ಗೋಡೆಗೆ ಬಳಿದ ಮೇಲೆ ಅವು ಸಿಡಿದು ಸಿಡುಬಿನ ಕಲೆಯಂಥ ಗುಳಿ ಬೀಳುತ್ತದೆ. ಸೈತಾನನ ಹೊಟ್ಟೆಯ ಮೇಲೆ ಇದೆ. ಸ್ವರ್ಗದ ದೇವದೂತರ ಹಣೆಯ ಮೇಲೂ ಇದೆ. ಎಷ್ಟು ಜರಡಿ ಹಿಡಿದರೂ ಬಿಂದೊನಿಗೆ ತಪ್ಪಿಸಲಾಗದ ನಾಚಿಕೆ ಅದು.

ಆರ್ರಿಗೊನ ಮುಖದ ಮೇಲೆ ಒಂದೇ ಒಂದು ಗುಳಿ ಇರಲಿಲ್ಲ. ಬೆಣ್ಣೆ ಸವರಿದ ಹಾಗಿತ್ತು.

ಬಿಂದೊ ಕರಣೆಯ ತುದಿಯಿಂದ ಅಂಚಿನ ಒಂದು ಚೂರು ಎಬ್ಬಿಸಿದ. ಬಾಯಿಗೆ ಹಾಕಿಕೊಂಡ. ಕಾವಲುಗಾರ ಮುಖ ಕಿವುಚಿದ. ಆದರೆ ಗಾರೆಯವರು ಸುಣ್ಣ ಪರೀಕ್ಷಿಸುವುದು ಹಾಗೆಯೇ.

ಹಲ್ಲಿಗೆ ಹರಳು ಸಿಗಲಿಲ್ಲ. ಮರಳು ಸಿಕ್ಕಿತು, ಸಣ್ಣ ಹೊಳೆಮರಳು. ಆದರೆ ಸುಣ್ಣ ಮಾತ್ರ ನಾಲಿಗೆಯ ಮೇಲೆ ಕೆನೆಯಂತೆ ಕರಗಿತು.

ಏಳು ವರ್ಷಕ್ಕಿಂತ ಕಡಿಮೆ ನೆನೆದ ಸುಣ್ಣ ಹೀಗೆ ಕರಗುವುದಿಲ್ಲ.

ಅಂಥ ಸುಣ್ಣ ಈ ಊರಿನಲ್ಲಿ ಒಂದೇ ಕಡೆ ಇತ್ತು. ಅದು ಇದೆಯೆಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅವನ ಮನೆಯ ಹಿತ್ತಲಲ್ಲಿ, ಕೋಳಿಗೂಡಿನ ಕೆಳಗೆ.

ಆಜ್ಞೆ ಬಂದ ದಿನ ಅಪ್ಪ ಮೂರು ಗುಂಡಿಯ ಸುಣ್ಣ ಕೊಟ್ಟಿದ್ದ. ನಾಲ್ಕನೆಯದರ ಮೇಲೆ ಹಲಗೆ ಹಾಸಿ, ಮಣ್ಣು ಮುಚ್ಚಿ, ಕೋಳಿ ಬಿಟ್ಟ. ಆಜ್ಞೆ ಮೀರಿದವರಿಗೆ ಗಲ್ಲು ಎಂದು ಡಂಗುರ ಹೊಡೆಯುತ್ತಿದ್ದರು. ಅತ್ತ ಹೆಣಗಳು ಸುಣ್ಣ ಸಾಲದೆ ಕೊಳೆಯುತ್ತಿದ್ದವು. "ನಾನಿಲ್ಲದಿದ್ರೆ ಇದು ನಿಮ್ಮಿಬ್ಬರ ಅನ್ನ," ಎಂದಿದ್ದ ಅಪ್ಪ. ಹದಿನೈದು ದಿನದಲ್ಲಿ ಅವನನ್ನೂ ಅಮ್ಮನನ್ನೂ ಅದೇ ಹಳ್ಳಕ್ಕೆ ಎಸೆದರು. ಅವರ ಮೇಲೆ ಹಾಕಲು ಹಿಡಿ ಸುಣ್ಣವೂ ಇರಲಿಲ್ಲ. ಬಿಂದೊ ಬಾಯಿ ಬಿಡಲಿಲ್ಲ. ತೆಸ್ಸಾ ಬಾಯಿ ಬಿಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಆ ಗುಂಡಿ ತೆಗೆದಿರಲಿಲ್ಲ.

ತೆಗೆದಿದ್ದಾರೆ.

ತಾನು ತೆಗೆದಿಲ್ಲ.

ಅಕ್ಕನ ಕೈಗೆ ಗಾರೆ ಬರುತ್ತದೆಂಬುದು ಊರಿಗೆ ತಿಳಿಯದು. ಹೆಂಗಸರಿಗೆ ಸಂಘದಲ್ಲಿ ಜಾಗವಿಲ್ಲ. ಆದರೆ ಹನ್ನೆರಡನೇ ವಯಸ್ಸಿನಲ್ಲೇ ಅಪ್ಪ ಅವಳನ್ನು ಸನ್ಯಾಸಿನಿಯರ ಮಠದೊಳಗಿನ ಕೆಲಸಕ್ಕೆ ಕರೆದೊಯ್ಯುತ್ತಿದ್ದ, ಗಂಡಸರು ಹೋಗಬಾರದ ಕೋಣೆಗಳಿಗೆ. ಬಿಂದೊನಿಗೆ ಕರಣೆ ಹಿಡಿಯಲು ಕಲಿಸಿದ್ದೇ ಅವಳು. ಗೆರೆ ಉಳಿಯದಂತೆ, ಬಿರುಕು ಬಿಡದಂತೆ, ಒದ್ದೆ ಬಟ್ಟೆಯಿಂದ ಕೊನೆಯಲ್ಲಿ ಒಂದೇ ಸಲ ಒರೆಸುವುದನ್ನು ತೋರಿಸಿಕೊಟ್ಟಿದ್ದೂ ಅವಳೇ.

ಬಿಂದೊ ನಿಧಾನವಾಗಿ ಕೆಳಗೆ ನೋಡಿದ.

ತೆಸ್ಸಾ ಅಲ್ಲೇ ಇದ್ದಳು. ಯಾವಾಗ ಬಂದಳೋ. ಕೆಲಸದವರ ಮಧ್ಯಾಹ್ನದ ಅವರೆಕಾಳಿನ ಮಡಕೆ ಸೊಂಟದ ಮೇಲಿತ್ತು. ಹೆಂಗಸರೆಲ್ಲ ನ್ಯಾಯಾಧೀಶರನ್ನು ನೋಡುತ್ತಿದ್ದರು. ಅವಳೊಬ್ಬಳು ಬಿಂದೊನ ಬಾಯಿಯನ್ನೇ ನೋಡುತ್ತಿದ್ದಳು.

"ಯಾಕಪ್ಪಾ," ಎಂದ ತೊರೆಲ್ಲೊ, ಬರೀ ಅವನಿಗೆ ಕೇಳುವಷ್ಟು ಮೆಲ್ಲಗೆ. "ನಾಲಿಗೆ ಸುಟ್ಟಿತಾ?"

ಗೊತ್ತು. ಇವನಿಗೆ ಎಲ್ಲ ಗೊತ್ತು. ಗುಂಡಿಯೂ ಗೊತ್ತು, ಅಕ್ಕನ ಕೈಯೂ ಗೊತ್ತು. ತಾನು ಈ ಚೂರನ್ನು ಬಾಯಿಗೆ ಹಾಕಿಕೊಳ್ಳಲಿ ಎಂದೇ ಬೆಳಗಿನಿಂದ ಕಾಯುತ್ತಿದ್ದ. ಅವಳನ್ನು ಏನು ಹೇಳಿ ಹೆದರಿಸಿದ? ಏನು ಕೊಟ್ಟ? ಅಥವಾ ಹೆದರಿಸಲೇ ಇಲ್ಲವೋ? ಗಾರೆ ಹಾಕಿದ ಕೈಯಲ್ಲೇ ಮೆಯೊಗೆ ಬಿಳಿ ಅಂಗಿ ಹೊಲಿಯುತ್ತಾ ಕೂತಿದ್ದಾಳಲ್ಲ, ಅದು ಎಂಥ ಕೈ?

"ಹೇಳಪ್ಪಾ," ಎಂದರು ನ್ಯಾಯಾಧೀಶರು.

ಬಿಂದೊ ಎದ್ದು ನಿಂತ. ಬಾಯಲ್ಲಿದ್ದ ಸುಣ್ಣವನ್ನು ನುಂಗಿದ.

"ಗುರುತು ಸಿಕ್ಕಿತು ಅಂತ ನಿನ್ನ ಮುಖಾನೇ ಹೇಳ್ತಿದೆ. ಹೆಸರು ಹೇಳು. ಒಂದು ಹೆಸರು. ನಿನ್ನ ಸ್ನೇಹಿತ ಇವತ್ತು ರಾತ್ರಿ ಮನೆಯಲ್ಲಿ ಉಣ್ತಾನೆ."

ಬಿಂದೊ ಏಣಿಯ ಕಡೆ ತಿರುಗಿದ.

"ಏಯ್!" ಕಾವಲುಗಾರ ಈಟಿ ಅಡ್ಡ ಹಿಡಿದ.

ನ್ಯಾಯಾಧೀಶರು ಕೈಯೆತ್ತಿ ಅವನನ್ನು ತಡೆದರು. "ಬಿಡು. ಹೊಡೆದು ಬಾಯಿ ಬಿಡಿಸೋದು ಆಮೇಲೂ ಇದ್ದೇ ಇದೆ. ಶನಿವಾರ ಬೆಳಗಿನ ಗಂಟೆ ಹೊಡೆಯೋವರೆಗೂ ನನ್ನ ಬಾಗಿಲು ತೆಗೆದಿರುತ್ತೆ ಅಂತ ಅವನಿಗೆ ನೆನಪಿರಲಿ. ಗಂಟೆ ಹೊಡೆದ ಮೇಲೆ ಯಾರು ಏನು ಹೇಳಿದರೂ ಕೇಳೋಕೆ ಮೆಯೊ ಇರಲ್ಲ."

ಬಿಂದೊ ಇಳಿದ. ನಾಲಿಗೆ ಕಳೆದುಕೊಂಡವರನ್ನು, ಹೊಟ್ಟೆಬಾಕರನ್ನು, ಸೈತಾನನನ್ನು ದಾಟಿ ಇಳಿದ. ಕಾಲು ನೆಲಕ್ಕೆ ತಾಗಿದ್ದು ಅವನಿಗೆ ತಿಳಿಯಲಿಲ್ಲ. ಬಣ್ಣ ಅರೆಯುವವರು ದಾರಿ ಬಿಟ್ಟರು. ನೆಲ್ಲಾ ಅವನ ತೋಳು ಹಿಡಿದಳು. "ಮೆಯೊ ಉಳ್ಕೋತಾನಾ? ಉಳ್ಕೋತಾನಾ ಮಗಾ?" ಬಿಂದೊ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಬಾಗಿಲ ಬಳಿಯ ಕಂಬದ ಹತ್ತಿರ ತೆಸ್ಸಾ ಅಡ್ಡ ಬಂದಳು. ಮಡಕೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಅವಳ ಉಗುರಿನ ಸಂದಿಯಲ್ಲಿ ಹಿಟ್ಟಿನ ಹಾಗೆ ಬೆಳ್ಳಗೆ ಏನೋ ಇತ್ತು.

"ಹೇಳ್ಬಿಟ್ಯೇನೋ?" ಎಂದಳು.

ಬಿಂದೊ ಅವಳ ಪಕ್ಕದಿಂದ ಹಾದು, ಬಾಗಿಲು ದಾಟಿ, ಬಿಸಿಲಿಗೆ ನಡೆದುಹೋದ.